ಹಿಮದ ಹಾದಿಗೆ ಹೊರಡುವ ಮುನ್ನ

ಬರುವ ಜನವರಿಯಲ್ಲಿ ನಾನೂ ನನ್ನ ಇಬ್ಬರು ನಿವೃತ್ತ ಸಹೋದ್ಯೋಗಿಗಳೂ ಬೆಂಗಳೂರಿನಿಂದ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯವರೆಗೆ ರಸ್ತೆಯ ಮೂಲಕವೇ ಹೋಗಿಬರುವುದೆಂದು ನಿಶ್ಚಯಿಸಿದ್ದೇವೆ. ಅರವತ್ತು ದಾಟಿದವರಿಗೆ ಚಳಿಗಾಲದ ಹಿಮಾಲಯವೇಕೆ ಎಂದು ಮನೆಯವರು ಕೇಳಿದ ಪ್ರಶ್ನೆಗೆ ನನ್ನ ಬಳಿ ಸಮರ್ಪಕ ಉತ್ತರವಿಲ್ಲ. ಬೇಸಿಗೆಯಲ್ಲಿ ಒಮ್ಮೆ ಕಂಡಿದ್ದ ಆ ಕಣಿವೆಯನ್ನೂ ಕ್ರಿ.ಶ. 996ರಲ್ಲಿ ಸ್ಥಾಪಿತವಾದ ಅಲ್ಲಿನ ಟಾಬೊ ಬೌದ್ಧ ಮಠವನ್ನೂ ಹಿಮ ಹೊದ್ದಿರುವಾಗ ನೋಡಬೇಕೆಂಬ ಹಂಬಲ, ಅಷ್ಟೆ. ಆದರೆ ನಾನಿಲ್ಲಿ ಬರೆಯಹೊರಟಿರುವುದು ಪ್ರವಾಸದ ಕುರಿತಲ್ಲ, ಅದರ ಸಿದ್ಧತೆಯ ಕುರಿತು. ಒಂದು ಪುಟ್ಟ ವಾಹನವನ್ನು ಮೂರು ತಿಂಗಳ ಕಾಲ ಅಣಿಗೊಳಿಸುವಾಗ, ಸೇವೆಯಲ್ಲಿದ್ದ ದಿನಗಳಲ್ಲಿ ಬಗೆಹರಿಯದೆ ಉಳಿದ ಪ್ರಶ್ನೆಯೊಂದು ಮತ್ತೆ ಎದುರಾಯಿತು. ಅದನ್ನು ಓದುಗರ ಮುಂದಿಡಬೇಕೆನಿಸಿದೆ.

ವಾಹನ ನನ್ನ ಹಳೆಯ ಮಾರುತಿ ಜಿಪ್ಸಿ. 1985ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಗಾಡಿಯನ್ನು ಸೇನೆ, ಪೊಲೀಸ್ ಮತ್ತು ಅರಣ್ಯ ಇಲಾಖೆಗಳಲ್ಲಿ ನೋಡದವರು ವಿರಳ. 2019ರ ಹೊತ್ತಿಗೆ ಸಾರ್ವಜನಿಕರಿಗೆ ಅದರ ಮಾರಾಟ ನಿಂತಿತು. ತೂಕ ಸುಮಾರು ಒಂದು ಟನ್, 1.3 ಲೀಟರಿನ ಪೆಟ್ರೋಲ್ ಎಂಜಿನ್, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ವ್ಯವಸ್ಥೆ, ಬೆನ್ನಿಗೆ ಕರುಣೆ ತೋರದ ಪಟ್ಟಿ ಸ್ಪ್ರಿಂಗುಗಳು. ನಮ್ಮ ದಾರಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹೈದರಾಬಾದ್, ನಾಗಪುರ, ಝಾನ್ಸಿಗಳನ್ನು ಹಾದು ಉತ್ತರಕ್ಕೆ ಸಾಗಿ, ಶಿಮ್ಲಾ ಮತ್ತು ಕಿನ್ನೌರ್ ಮೂಲಕ ಕಾಜಾ ಪಟ್ಟಣವನ್ನು ಸೇರುತ್ತದೆ. ಒಂದು ದಿಕ್ಕಿಗೆ ಸುಮಾರು ಮೂರು ಸಾವಿರ ಕಿಲೋಮೀಟರ್. ಮನಾಲಿ ಕಡೆಯಿಂದ ಕಾಜಾಕ್ಕೆ ಹೋಗುವ ಕುಂಜುಮ್ ಕಣಿವೆದಾರಿ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತದೆಯಾದ್ದರಿಂದ ಕಿನ್ನೌರಿನ ದಾರಿಯೊಂದೇ ಗತಿ. ಕಾಜಾ ಇರುವುದು ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಎತ್ತರದಲ್ಲಿ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿ ಸಾಮಾನ್ಯ.

ಬೆಂಗಳೂರಿನ ವಾಹನಕ್ಕೆ ಈ ಚಳಿಯ ಪರಿಚಯವೇ ಇಲ್ಲ. ನನ್ನ ಗಾಡಿಯ ರೇಡಿಯೇಟರಿನಲ್ಲಿ ವರ್ಷಗಳಿಂದ ಇದ್ದದ್ದು ಬರಿಯ ನಲ್ಲಿ ನೀರು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇ 9ರಷ್ಟು ಹಿಗ್ಗುತ್ತದೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಹಿಗ್ಗುವಿಕೆ ಎಂಜಿನ್ನಿನ ಕಬ್ಬಿಣವನ್ನೇ ಸೀಳಬಲ್ಲದೆಂಬುದು ಮಾತ್ರ ನೆನಪಿಗೆ ಬರುವುದಿಲ್ಲ. ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧೀಕರಿಸಿದ ನೀರನ್ನು ಸಮಪ್ರಮಾಣದಲ್ಲಿ ಬೆರೆಸಿದರೆ ಸೊನ್ನೆಗಿಂತ 35 ಡಿಗ್ರಿ ಕೆಳಗೂ ಅದು ದ್ರವವಾಗಿಯೇ ಉಳಿಯುತ್ತದೆ. ನೀರು ಖಾಲಿ ಮಾಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಹಿಂದಿನ ಮಾಲೀಕರು ಹೀಟರಿನ ಕೊಳವೆ ಸೋರುತ್ತಿತ್ತೆಂದು ಅದರ ಸಂಪರ್ಕವನ್ನೇ ತಪ್ಪಿಸಿದ್ದರು. ಬೆಂಗಳೂರಿನಲ್ಲಿ ಅದು ಜಾಣತನ. ಸ್ಪಿತಿಯಲ್ಲಿ ಮುಂಗಾಜಿನ ಮೇಲೆ ಒಳಗಿನಿಂದಲೇ ಮಂಜು ಕಟ್ಟಿ ದಾರಿ ಕಾಣದಂತಾಗುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನು ಎರಡು ಶನಿವಾರ ಸುತ್ತಿದ ಮೇಲೆ ಸರಿಯಾದ ಕೊಳವೆ ದೊರಕಿತು.

ಹೀಗೆ ಒಂದೊಂದೇ ಭಾಗ ತನ್ನ ಅಳುಕನ್ನು ಹೇಳಿಕೊಂಡಿತು. ನಮ್ಮ ಹವೆಗೆ ಒಗ್ಗುವ 20ಡಬ್ಲ್ಯು-50 ಆಯಿಲ್ ಆ ಚಳಿಯಲ್ಲಿ ಕಾಕಂಬಿಯಂತೆ ಗಟ್ಟಿಯಾಗುವುದರಿಂದ 5ಡಬ್ಲ್ಯು-30 ತುಂಬಿಸಬೇಕಾಯಿತು. ಪೂರ್ಣ ಚಾರ್ಜ್ ಆಗಿರುವ ಬ್ಯಾಟರಿ ಅಲ್ಲಿನ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಬರಿದಾದದ್ದು ಸೊನ್ನೆಗಿಂತ ಹತ್ತು ಡಿಗ್ರಿ ಇಳಿಯುವುದರೊಳಗೇ ಗಡ್ಡೆಯಾಗಿ ಒಡೆಯಬಹುದು. ಉಷ್ಣತೆ ಹತ್ತು ಡಿಗ್ರಿ ಇಳಿದಂತೆಲ್ಲ ಟೈರಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಕುಸಿಯುತ್ತದೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದಾದ್ದರಿಂದ ಅದನ್ನೂ ಬದಲಿಸಿದೆವು. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಬೆಳಗಿನ ಹೊತ್ತಿಗೆ ಅದು ಅಲ್ಲಿಯೇ ಹೆಪ್ಪುಗಟ್ಟಿರಬಹುದು. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದೇ ಲೇಸು. ಮೂರೂವರೆ ಸಾವಿರ ಮೀಟರಿನಾಚೆ ತೆಳುವಾದ ಗಾಳಿಯಲ್ಲಿ ಎಂಜಿನ್ ತನ್ನ ಶಕ್ತಿಯ ಮೂರನೇ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಮನುಷ್ಯನ ಶ್ವಾಸಕೋಶದ ಪಾಡೂ ಅದೇ ಆದ್ದರಿಂದ ವೈದ್ಯರನ್ನು ಕಂಡು, ದಾರಿಯಲ್ಲಿ ಎರಡು ಕಡೆ ತಂಗಿ ಎತ್ತರಕ್ಕೆ ಒಗ್ಗಿಕೊಳ್ಳುವ ಏರ್ಪಾಡನ್ನೂ ಮಾಡಿಕೊಂಡಿದ್ದೇವೆ.

ನಾಲ್ಕೂ ಚಕ್ರಗಳು ಎಳೆಯುವ ಗಾಡಿಗೆ ಇಷ್ಟೆಲ್ಲ ಯಾಕೆ ಎಂದು ಮಿತ್ರರೊಬ್ಬರು ಕೇಳಿದರು. ಬಹುಪಾಲು ಜನರ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಫೋರ್ ವೀಲ್ ಡ್ರೈವ್ ವ್ಯವಸ್ಥೆ ಗಾಡಿ ಹೊರಡಲು ಮತ್ತು ಏರಲು ನೆರವಾಗುತ್ತದೆಯೇ ಹೊರತು ನಿಲ್ಲಲು ಅಲ್ಲ. ಗಾಜಿನಂತೆ ಗಟ್ಟಿಯಾದ ಹಿಮದ ಮೇಲೆ ಬ್ರೇಕ್ ಒತ್ತಿದಾಗ ಎಲ್ಲ ವಾಹನಗಳೂ ಸಮಾನ. ಆಗ ಕಾಪಾಡುವುದು ಟೈರು, ಅದರ ಮೇಲಿನ ಸರಪಳಿ ಮತ್ತು ನಿಧಾನಗತಿ ಮಾತ್ರ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ಒಂದು ವಾದವನ್ನು ಮುಂದಿಟ್ಟರು: ವಾಹನಗಳಲ್ಲಿ ಸುರಕ್ಷಾ ಸಾಧನಗಳು ಹೆಚ್ಚಿದಂತೆ ಚಾಲಕರು ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ, ಅದರ ಭಾರದಲ್ಲಿ ಒಂದು ಪಾಲು ಪಾದಚಾರಿಗಳ ಮೇಲೆ ಬೀಳುತ್ತದೆ. ಈ ವಾದ ಎಲ್ಲೆಡೆಯೂ ಪೂರ್ತಿಯಾಗಿ ನಿಲ್ಲುವುದಿಲ್ಲವೆಂಬುದು ನಿಜ. ಆದರೆ ಹಿಮದ ಮೇಲೆ ದೊಡ್ಡ ಗಾಡಿಗಳು ಜಿಗಿಯುವ ಜಾಹೀರಾತುಗಳನ್ನು ಕಂಡಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಅಪಾಯ ಯಾರದು, ಭಾರ ಯಾರ ಮೇಲೆ ಎಂಬ ಪ್ರಶ್ನೆಯನ್ನು ಆ ಜಾಹೀರಾತುಗಳು ಎಂದೂ ಎತ್ತುವುದಿಲ್ಲ.

ಆ ಪ್ರಶ್ನೆ ನನ್ನನ್ನು ಮೊದಲು ತಟ್ಟಿದ್ದು ಹಿಮಾಲಯದಲ್ಲಲ್ಲ, ನಮ್ಮದೇ ಮಲೆನಾಡಿನಲ್ಲಿ. 1990ರ ದಶಕದ ಆರಂಭದಲ್ಲಿ ನಾನು ಅಲ್ಲಿನ ಒಂದು ತಾಲ್ಲೂಕಿನ ತಹಶೀಲ್ದಾರನಾಗಿದ್ದೆ. ನಮ್ಮ ಇಲಾಖೆಯ ಜೀಪಿನ ಚಾಲಕ ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಎರಡು ದಿನ ರಜೆ ಹಾಕಿದವನಂತೆ ಕಾಣೆಯಾಗುತ್ತಿದ್ದ. ಶೆಡ್ಡಿನಲ್ಲಿ ಕುಳಿತು ಬ್ರೇಕ್ ಬಿಚ್ಚಿ ಒರೆಸುತ್ತಿದ್ದ. ಹಿಂಬದಿಯಲ್ಲಿ ಒಂದು ಸಲಿಕೆ, ಒಂದು ಹಗ್ಗ, ಎರಡು ಹಲಗೆ, ಒಂದು ಚೀಲ ಪುರಿ ಇಡುತ್ತಿದ್ದ. ನಾನು ನಗುತ್ತಿದ್ದೆ. 'ನಾವು ಸಿಕ್ಕಿಹಾಕಿಕೊಂಡರೆ ಎಳೆಯಲು ಬರುವವರಿಗೂ ಮನೆ ಇರುತ್ತದಲ್ಲ ಸಾರ್' ಎಂದು ಆತ ಹೇಳಿದ್ದು ಆಗ ನನಗೆ ಅಷ್ಟಾಗಿ ನಾಟಲಿಲ್ಲ.

ಜುಲೈನ ಒಂದು ರಾತ್ರಿ ನಾಟಿತು. ನಗರದಿಂದ ಬಂದ ಪ್ರವಾಸಿಗರ ಕಾರೊಂದು ಸವೆದ ಟೈರಿನೊಂದಿಗೆ ಘಟ್ಟದ ಚರಂಡಿಗೆ ಜಾರಿತ್ತು. ಮಳೆ ಧಾರಾಕಾರ, ಒಳಗೆ ಮಕ್ಕಳಿದ್ದರು. ಸಮೀಪದ ಊರಿನಿಂದ ನಾಲ್ವರನ್ನು ಎಬ್ಬಿಸಿ ಕರೆತರಲು ಆದೇಶಿಸಿದವನು ನಾನೇ. ಅವರಲ್ಲೊಬ್ಬ ರಸ್ತೆ ಕೆಲಸದ ದಿನಗೂಲಿ. ಕಾರನ್ನು ಎತ್ತುವಾಗ ಅದು ಹಿಂದಕ್ಕೆ ಸರಿದು ಆತನ ಕಾಲಿನ ಮೂಳೆ ಮುರಿಯಿತು. ಪ್ರವಾಸಿಗರು ಬೆಳಿಗ್ಗೆ ಧನ್ಯವಾದ ಹೇಳಿ ಹೊರಟರು, ಅವರು ಕೆಟ್ಟವರೇನಲ್ಲ. ಆ ದಿನಗೂಲಿಗೆ ಪರಿಹಾರ ಕೋರಿ ನಾನು ಕಳುಹಿಸಿದ ಕಡತ ಎರಡು ವರ್ಷ ಅಲೆದು ಹಿಂತಿರುಗಿತು. ಘಟನೆ ನಡೆದ ಸಮಯದಲ್ಲಿ ಆತ ಹಾಜರಿ ಪಟ್ಟಿಯಲ್ಲಿರಲಿಲ್ಲ, ಆದ್ದರಿಂದ ಕರ್ತವ್ಯದ ಮೇಲಿದ್ದನೆಂದು ಪರಿಗಣಿಸಲಾಗದು ಎಂಬ ಷರಾ ಅದರ ಮೇಲಿತ್ತು. ನಿಯಮದ ಪ್ರಕಾರ ಷರಾ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ನಾವು ಕೆಲವರು ಕೈಯಿಂದ ಸ್ವಲ್ಪ ಹಣ ಕೂಡಿಸಿ ಕೊಟ್ಟೆವು. ಅದರಾಚೆ ನಾನು ಏನೂ ಮಾಡಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಬಾಹ್ಯ ವೆಚ್ಚದ ಸರಳ ಉದಾಹರಣೆ. ಒಬ್ಬನ ನಿರ್ಧಾರದ ಬೆಲೆಯನ್ನು ಆ ನಿರ್ಧಾರದಲ್ಲಿ ಪಾಲಿಲ್ಲದ ಇನ್ನೊಬ್ಬ ತೆರುವುದೇ ಬಾಹ್ಯ ವೆಚ್ಚ. ಆರ್ಥರ್ ಪಿಗೂ 1920ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿ, ಇಂಥ ವೆಚ್ಚವನ್ನು ತೆರಿಗೆಯ ಮೂಲಕ ಕಾರಣಕರ್ತನ ಲೆಕ್ಕಕ್ಕೇ ಹಾಕಬೇಕೆಂದರು. ಸವೆದ ಟೈರನ್ನು ಬದಲಿಸದೆ ಉಳಿಸಿದ ಹಣ ನಗರದವರ ಜೇಬಿನಲ್ಲಿ ಉಳಿಯಿತು; ಅದರ ಬೆಲೆಯನ್ನು ಮಲೆನಾಡಿನ ಕೂಲಿಯವನ ಕಾಲು ತೆತ್ತಿತು.

ಈಗ ಹಿಮಾಚಲದತ್ತ ನೋಡೋಣ. 2020ರ ಅಕ್ಟೋಬರ್‌ನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ, ಚಳಿಗಾಲದಲ್ಲಿ ಹೊರಜಗತ್ತಿನ ಸಂಪರ್ಕ ಕಡಿದುಕೊಳ್ಳುತ್ತಿದ್ದ ಲಾಹೌಲ್‌ಗೆ ಪ್ರವಾಸಿಗರ ಮಹಾಪೂರವೇ ಹರಿದಿದೆ. 2024ರ ಡಿಸೆಂಬರ್ ಕೊನೆಯಲ್ಲಿ ಹಠಾತ್ ಹಿಮ ಸುರಿದಾಗ ಆ ದಾರಿಯ ಸೋಲಂಗ್ ಬಳಿ ಸಾವಿರಾರು ಪ್ರವಾಸಿಗರು ವಾಹನಗಳಲ್ಲೇ ಸಿಲುಕಿದರು. ಪೊಲೀಸರು ಮತ್ತು ಸ್ಥಳೀಯ ಆಡಳಿತ ರಾತ್ರಿಯಿಡೀ ದುಡಿದು ಅವರನ್ನು ಹೊರತಂದರು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ‍್ರೀ ಗಿರಿಧಾಮದ ರಸ್ತೆಯಲ್ಲಿ ಸಿಲುಕಿದ 22 ಮಂದಿ ತಮ್ಮ ಕಾರುಗಳಲ್ಲೇ ಪ್ರಾಣ ಬಿಟ್ಟರು. ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಕೊಂಡಿರುವಾಗ ಬೆಚ್ಚಗಾಗಲೆಂದು ಎಂಜಿನ್ ಚಾಲೂ ಇಟ್ಟರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಒಂದು ಸಲಿಕೆ ಮತ್ತು ಆ ಕೊಳವೆಯನ್ನು ಆಗಾಗ ಬಿಡಿಸಬೇಕೆಂಬ ತಿಳಿವಳಿಕೆ ಇದ್ದರೆ ಇಂಥ ಸಾವನ್ನು ತಪ್ಪಿಸಬಹುದು.

2011ರ ಜನಗಣತಿಯಂತೆ ಇಡೀ ಲಾಹೌಲ್–ಸ್ಪಿತಿ ಜಿಲ್ಲೆಯ ಜನಸಂಖ್ಯೆ 31,564. ಬೆಂಗಳೂರಿನ ಒಂದು ಸಾಧಾರಣ ವಾರ್ಡಿನಷ್ಟೂ ಇಲ್ಲ. ಚಳಿಗಾಲದಲ್ಲಿ ನಲ್ಲಿಗಳು ಹೆಪ್ಪುಗಟ್ಟಿ ಸ್ಪಿತಿಯ ಜನ ದೂರದಿಂದ ನೀರು ಹೊರುತ್ತಾರೆ. ಸೌದೆ, ಮೇವು, ಧಾನ್ಯವನ್ನು ಬೇಸಿಗೆಯಲ್ಲೇ ಕೂಡಿಟ್ಟು ಲೆಕ್ಕವಿಟ್ಟು ಬಳಸುತ್ತಾರೆ. ಅಲ್ಲಿ ಸಿಲುಕುವ ಪ್ರತಿಯೊಬ್ಬ ಪ್ರವಾಸಿಯೂ ಆ ಲೆಕ್ಕದಿಂದಲೇ ಉಣ್ಣುತ್ತಾನೆ, ಅಲ್ಲಿನ ಸಣ್ಣ ಆಸ್ಪತ್ರೆಯ ಹಾಸಿಗೆಯಲ್ಲೇ ಮಲಗುತ್ತಾನೆ. ಗಡಿ ರಸ್ತೆಗಳ ಸಂಸ್ಥೆ ಹುಟ್ಟಿದ್ದು 1960ರಲ್ಲಿ. ಅದರ ದಿನಗೂಲಿ ಕಾರ್ಮಿಕರು ಮೃತಪಟ್ಟರೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ದೊರೆಯುವ ಗುಂಪು ವಿಮೆಗೆ ರಕ್ಷಣಾ ಸಚಿವಾಲಯ ಒಪ್ಪಿಗೆಯಿತ್ತದ್ದು 2024ರ ಜನವರಿಯಲ್ಲಿ. ತಡವಾಗಿಯಾದರೂ ಬಂದದ್ದು ಸ್ವಾಗತಾರ್ಹ. ಆದರೆ ನಡುರಾತ್ರಿ ಎಬ್ಬಿಸಿ ಕರೆಸಿಕೊಳ್ಳುವ ಹಳ್ಳಿಗ, ಟ್ಯಾಕ್ಸಿ ಚಾಲಕ, ತನ್ನ ಟ್ರ್ಯಾಕ್ಟರ್ ತರುವ ರೈತ ಯಾವ ಹಾಜರಿ ಪಟ್ಟಿಯಲ್ಲಿರುತ್ತಾರೆ?

ಆದ್ದರಿಂದ ನನ್ನ ಸಲಹೆ ಎರಡು. ಮೊದಲನೆಯದು, ಚಳಿಗಾಲದಲ್ಲಿ ಎತ್ತರದ ಕಣಿವೆಗಳಿಗೆ ಹೋಗುವ ವಾಹನಗಳಿಗೆ ಕನಿಷ್ಠ ಸಿದ್ಧತೆಯನ್ನು ಮುಂಚಿತವಾಗಿಯೇ ಕಡ್ಡಾಯಗೊಳಿಸಬೇಕು. ಹಿಮ ಬಿದ್ದ ಮೇಲೆ ಸರಪಳಿ ಇಲ್ಲದ ವಾಹನಗಳನ್ನು ತಡೆಯುವ ಕ್ರಮ ಮನಾಲಿಯಲ್ಲಿ ಈಗಾಗಲೇ ಇದೆ. ಆದರೆ ಅದು ಬಾಯಾರಿದಾಗ ಬಾವಿ ತೋಡಿದಂತೆ. ಹಿಮದ ರಸ್ತೆಗಳಲ್ಲಿ ಚಳಿಗಾಲದ ಟೈರುಗಳಿರಲೇಬೇಕೆಂದು ಜರ್ಮನಿ 2010ರಲ್ಲೇ ಕಾನೂನು ಬಿಗಿಗೊಳಿಸಿತು. ಎರಡನೆಯದು, ಮನಾಲಿ ಪ್ರವೇಶಿಸುವ ಹೊರರಾಜ್ಯದ ವಾಹನಗಳಿಂದ ಹಸಿರು ತೆರಿಗೆ ವಸೂಲು ಮಾಡುವಂತೆ, ಚಳಿಗಾಲದ ವಾಹನಗಳಿಂದ ಒಂದು ಸಣ್ಣ ಶುಲ್ಕ ಪಡೆದು ನಿಧಿಯೊಂದನ್ನು ಸ್ಥಾಪಿಸಬೇಕು. ಆಡಳಿತದ ಕರೆಯ ಮೇರೆಗೆ ರಕ್ಷಣೆಗೆ ಬಂದ ಯಾರಿಗೇ ಆಗಲಿ, ಹಾಜರಿ ಪಟ್ಟಿಯ ಗೊಡವೆಯಿಲ್ಲದೆ, ಗಾಯಕ್ಕೂ ಕಳೆದುಕೊಂಡ ಕೂಲಿಗೂ ಅದರಿಂದ ಪರಿಹಾರ ಸಿಗಬೇಕು. ಮಳೆಗಾಲದ ನಮ್ಮ ಘಟ್ಟಗಳಿಗೂ ಇದು ಅನ್ವಯಿಸಬಾರದೇಕೆ?

ಇದರಿಂದ ಪ್ರವಾಸ ಸಿರಿವಂತರ ಸೊತ್ತಾಗುತ್ತದೆಂಬ ಆಕ್ಷೇಪ ಬರಬಹುದು. ಟೈರು ಮತ್ತು ಬ್ಯಾಟರಿ ಬಿಟ್ಟರೆ ಕೂಲೆಂಟ್, ಆಯಿಲ್, ಸರಪಳಿ, ಹಗ್ಗ, ಸಲಿಕೆ ಎಲ್ಲ ಸೇರಿ ನಮಗೆ ತಗುಲಿದ್ದು 15 ಸಾವಿರ ರೂಪಾಯಿಗಿಂತ ಕಡಿಮೆ. ದಾರಿಯ ಪೆಟ್ರೋಲಿಗೆ ನಾವು ಸುರಿಯಲಿರುವ ಹಣದ ಸರಿಸುಮಾರು ಕಾಲು ಭಾಗ. ಇಷ್ಟನ್ನೂ ಭರಿಸಲಾಗದವರು ಬೇಸಿಗೆಯಲ್ಲಿ ಹೋಗಬಹುದು. ಇನ್ನೊಬ್ಬರ ಖರ್ಚಿನಲ್ಲಿ ಸಾಹಸ ಮಾಡುವ ಹಕ್ಕು ಬಡವನಿಗೂ ಇಲ್ಲ, ಬಲ್ಲಿದನಿಗೂ ಇಲ್ಲ.

ನಾವು ಮೂವರೂ ಒಂದು ಕರಾರು ಮಾಡಿಕೊಂಡಿದ್ದೇವೆ. ಮೂವರಲ್ಲಿ ಯಾರೊಬ್ಬರು ಹಿಂತಿರುಗೋಣವೆಂದರೂ ಚರ್ಚೆಯಿಲ್ಲದೆ ಹಿಂತಿರುಗಬೇಕು. ಕಾಜಾ ಕಾಣದೆ ರಾಂಪುರದಿಂದಲೇ ಮರಳಿದರೂ ಸರಿ. ಜಿಪ್ಸಿಯ ಹಿಂಬದಿಯಲ್ಲಿ ಈಗ ಕಂಬಳಿಗಳ ಪಕ್ಕದಲ್ಲಿ ಒಂದು ಸಲಿಕೆ, ಒಂದು ಹಗ್ಗ, ಎರಡು ಹಲಗೆ ಇವೆ. ಒಂದು ಚೀಲ ಪುರಿಯನ್ನು ಹೊರಡುವ ಹಿಂದಿನ ದಿನ ತುಂಬಿಸಬೇಕು.