ಗೇಟಿನಲ್ಲೂ ಕನ್ನಡ ಬೇಕು, ಗ್ಯಾಲರಿಯಲ್ಲೂ ಕನ್ನಡ ಬೇಕು

ಫುಟ್‌ಬಾಲ್ ಪಂದ್ಯ ಇರುವ ದಿನ ಸಂಜೆ ಕಂಠೀರವ ಕ್ರೀಡಾಂಗಣದ ಮುಂದೆ ಒಮ್ಮೆ ಹೋಗಿ ನಿಂತುಕೊಳ್ಳಿ. ಕಸ್ತೂರಬಾ ರಸ್ತೆಯ ಕಡೆಯಿಂದ ನೀಲಿ ಅಂಗಿಯ ಹುಡುಗರು ಗುಂಪು ಗುಂಪಾಗಿ ಬರುತ್ತಿರುತ್ತಾರೆ. ಅಲ್ಲೊಬ್ಬ ಇಲ್ಲೊಬ್ಬನ ಹೆಗಲ ಮೇಲೆ ನಮ್ಮ ಹಳದಿ ಕೆಂಪು ಬಾವುಟ. ಕಡಲೆಕಾಯಿ ಮಾರುವವರು, ಮುಖಕ್ಕೆ ಬಣ್ಣ ಹಚ್ಚುವವರು, ಸೀಟಿ ಊದುವ ಟ್ರಾಫಿಕ್ ಪೊಲೀಸರು. ಇಷ್ಟು ನೋಡಿದರೆ ಹಬ್ಬ ಶುರುವಾಗಬೇಕು ಅನ್ನಿಸುತ್ತದೆ. ಆದರೆ ಆಗುವುದಿಲ್ಲ. ಜನ ಬರುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ, ಜೇಬು ತಡವಿಸಿಕೊಂಡು ಒಳಗೆ ಹೋಗುತ್ತಾರೆ, ತೊಂಬತ್ತು ನಿಮಿಷ ಕೂಗುತ್ತಾರೆ, ಮೆಟ್ರೋ ಹಿಡಿದು ಮನೆಗೆ ಹೋಗುತ್ತಾರೆ. ಊರಿಗೂ ಆಟಕ್ಕೂ ಸಂಬಂಧವೇ ಇಲ್ಲವೇನೋ ಎಂಬಂತೆ!

ಈ ಜಾಗ ಯಾವುದು ಗೊತ್ತೇ ಗೆಳೆಯರೇ? ಇದು ಸಂಪಂಗಿ ಕೆರೆಯ ಅಂಗಳ. ಕೆರೆ ಬತ್ತಿಸಿ ಕ್ರೀಡಾಂಗಣ ಕಟ್ಟಿದರು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅದನ್ನು ಹೊಸದಾಗಿ ಎಬ್ಬಿಸಿದರು. ಕೆರೆಯ ಗುರುತಾಗಿ ಅಂಚಿನಲ್ಲಿ ಒಂದು ಪುಟ್ಟ ಕಲ್ಯಾಣಿ ಮಾತ್ರ ಉಳಿದಿದೆ. ಕರಗದ ಶಾಸ್ತ್ರಕ್ಕೆ ಇವತ್ತಿಗೂ ಅಲ್ಲಿಗೆ ಬರುತ್ತಾರೆ. 2006ರಲ್ಲಿ ಅಣ್ಣಾವ್ರನ್ನು, 2021ರಲ್ಲಿ ಅವರ ಮಗ ಪುನೀತ್‌ರನ್ನು ಕನ್ನಡ ನಾಡು ಕೊನೆಯ ಸಲ ಕಣ್ತುಂಬಿಕೊಂಡದ್ದೂ ಇದೇ ಕ್ರೀಡಾಂಗಣದಲ್ಲಿ. ಒಂದು ಕಡೆ ಹಳೆಯ ಪೇಟೆ, ಇನ್ನೊಂದು ಕಡೆ ದಂಡು. ಎರಡರ ನಡುವಿನ ಗಡಿಯ ಮೇಲೆ ಈ ಕಂಠೀರವ ನಿಂತಿದೆ, ಕಬ್ಬನ್ ಪಾರ್ಕಿನ ಆಚೆ ಬದಿಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ ನಿಂತಿದೆ. ಪೇಟೆಯ ಕನ್ನಡ ದಂಡಿನ ಕಡೆಗೆ ದಾಟುವಾಗ ಯಾಕೋ ಇಂದಿಗೂ ಚಪ್ಪಲಿ ಬಿಟ್ಟು ದಾಟುತ್ತದೆ.

ಧ್ವನಿವರ್ಧಕ ಕೇಳಿ. ನಗರದ ಯಾವ ದೊಡ್ಡ ಪಂದ್ಯಕ್ಕೆ ಹೋದರೂ ಅದೇ ಕತೆ. ಆರಂಭದಲ್ಲಿ ಒಂದು ‘ನಮಸ್ಕಾರ ಬೆಂಗಳೂರು’, ನಡುವೆ ಒಂದು ‘ಸೌಂಡು ಸಾಲಲ್ಲ’. ಮಿಕ್ಕದ್ದೆಲ್ಲ ಇಂಗ್ಲಿಷು, ಅದರ ಮೇಲೆ ಒಗ್ಗರಣೆಗೆ ಹಿಂದಿ ಹಾಡು. ಮದುವೆ ಮನೆಯಲ್ಲಿ ಅಜ್ಜಿಗೆ ಅರಿಶಿನ ಕುಂಕುಮ ಕೊಟ್ಟು ಮೂಲೆಯಲ್ಲಿ ಕೂರಿಸುತ್ತಾರಲ್ಲ, ಹಾಗಾಗಿದೆ ಕನ್ನಡದ ಸ್ಥಿತಿ. ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ಕಾನೂನನ್ನು 2023ರ ಡಿಸೆಂಬರಿನಲ್ಲಿ ಬೀದಿಗಿಳಿದು, ಲಾಠಿ ತಿಂದು, ಜೈಲಿಗೆ ಹೋಗಿ 2024ರಲ್ಲಿ ಮಾಡಿಸಿಕೊಂಡೆವು. ಬೋರ್ಡು ಗೋಡೆಯ ಮೇಲೆ ಸುಮ್ಮನೆ ಇರುತ್ತದೆ. ಮೂವತ್ತು ಸಾವಿರ ಜನರನ್ನು ಎಡಕ್ಕೆ ಹೋಗಿ, ಬಲಕ್ಕೆ ಹೋಗಿ, ನಿಲ್ಲಿ ಎಂದು ಹೇಳುವ ಧ್ವನಿವರ್ಧಕಕ್ಕೆ ಎಷ್ಟು ಪರ್ಸೆಂಟ್?

ಇದು ಬರೀ ಅಭಿಮಾನದ ಪ್ರಶ್ನೆ ಎಂದು ತಿಳಿದವರು 2025ರ ಜೂನ್ 4ನ್ನು ನೆನಪಿಸಿಕೊಳ್ಳಬೇಕು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಹದಿನೆಂಟನೆಯ ಪ್ರಯತ್ನದಲ್ಲಿ ಕಪ್ ಗೆದ್ದಿತ್ತು. ಬೆಳಗಾಗುವಷ್ಟರಲ್ಲಿ ವಿಜಯಯಾತ್ರೆಯ ಸುದ್ದಿ ಫೋನಿನಿಂದ ಫೋನಿಗೆ ಹಾರಿತು. ಯಾತ್ರೆ ಉಂಟು ಎಂದರು, ಇಲ್ಲ ಎಂದರು. ಪಾಸು ಬೇಕು ಎಂದರು, ಪ್ರವೇಶ ಉಚಿತ ಎಂದರು. ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಮುಂದೆ ನೂಕುನುಗ್ಗಲಾಗಿ 11 ಜೀವ ಹೋಯಿತು. ಹೆಚ್ಚಿನವರು ನಿಮ್ಮ ವಯಸ್ಸಿನವರು. ಹದಿಹರೆಯದ ಮಕ್ಕಳಿದ್ದರು. ಬೇರೆ ಜಿಲ್ಲೆಗಳಿಂದ ಬಸ್ಸು ರೈಲು ಹತ್ತಿ ಬಂದಿದ್ದವರಿದ್ದರು. ಹೊರಗೆ ಹೆಣ ಬೀಳುತ್ತಿದ್ದಾಗ ಒಳಗೆ ಸನ್ಮಾನ ನಡೆಯಿತು.

ಆ ಸಾವುಗಳಿಗೆ ಭಾಷೆಯೇ ಕಾರಣ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಸತ್ತವರಿಗೆ ಮಾಡುವ ಅವಮಾನ. ಯೋಜನೆಯೇ ಇಲ್ಲದೆ ಜನರನ್ನು ಕರೆದದ್ದು ಕಾರಣ, ಪೊಲೀಸರ ಮಾತು ಕೇಳದ ಅವಸರ ಕಾರಣ, ಫೋಟೋಗೆ ಮುಗಿಬಿದ್ದ ರಾಜಕಾರಣ ಕಾರಣ. ಆ ಕ್ರೀಡಾಂಗಣದ ರಚನೆಯೇ ಭಾರಿ ಜನಸಂದಣಿಗೆ ಸುರಕ್ಷಿತವಲ್ಲ, ಗೇಟುಗಳು ನೇರವಾಗಿ ಪಾದಚಾರಿ ಮಾರ್ಗಕ್ಕೇ ತೆರೆದುಕೊಳ್ಳುತ್ತವೆ ಎಂದು ನ್ಯಾಯಮೂರ್ತಿ ಕುನ್ಹಾ ಆಯೋಗ ವರದಿ ಕೊಟ್ಟಿತು. ಎಲ್ಲ ಸರಿ. ಆದರೆ ಒಂದು ಮಾತು ಕೇಳುತ್ತೇವೆ. ಅಷ್ಟು ಜನ ಒತ್ತಿಕೊಂಡು ನಿಂತಾಗ, ಹಿಂದಿದ್ದವರಿಗೆ ಮುಂದೆ ಏನಾಗುತ್ತಿದೆ ಎಂದು ಹೇಳುವವರು ಯಾರು? ಗೇಟು ಮುಚ್ಚಿದೆ, ಹಿಂದೆ ಸರಿಯಿರಿ, ಮಕ್ಕಳನ್ನು ಎತ್ತಿಕೊಳ್ಳಿ ಎಂದು ಕೂಗಿ ಹೇಳಲು ಯಾವ ಭಾಷೆ ಬೇಕು? ಯಾದಗಿರಿಯಿಂದ ಬಂದ ಹುಡುಗನಿಗೆ, ಕೋಲಾರದಿಂದ ಬಂದ ಹುಡುಗಿಗೆ ಗಾಬರಿಯಲ್ಲಿ ತಟ್ಟನೆ ತಲೆಗೆ ಹೋಗುವ ಮಾತು ಯಾವುದು? ಉತ್ತರ ಎಲ್ಲರಿಗೂ ಗೊತ್ತಿದೆ. ಗೊತ್ತಿದ್ದೂ ಟಿಕೆಟಿನ ಹಿಂಭಾಗದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇಂಗ್ಲಿಷ್ ನಿಯಮ ಅಚ್ಚು ಹಾಕುತ್ತಾರೆ.

ಆದ್ದರಿಂದ ನಮ್ಮ ಮೊದಲ ಬೇಡಿಕೆ ಡೊಳ್ಳಲ್ಲ, ಬಾವುಟವಲ್ಲ, ಗೇಟು. ಯಾವ ಟಿಕೆಟಿಗೆ ಯಾವ ಬಾಗಿಲು ಎಂದು ದೂರದಿಂದಲೇ ಕಾಣುವ ದಪ್ಪ ಕನ್ನಡ ಅಕ್ಷರ. ಬಾಗಿಲಲ್ಲಿ ಕನ್ನಡ ಬಲ್ಲ ಸ್ವಯಂಸೇವಕರು. ಪ್ರಕಟಣೆ ಮೊದಲು ಕನ್ನಡದಲ್ಲಿ, ಆಮೇಲೆ ನಿಮಗೆ ಬೇಕಾದ ಇನ್ನೆಷ್ಟು ಭಾಷೆಯಲ್ಲಾದರೂ. ಆಂಬುಲೆನ್ಸ್ ಎಲ್ಲಿದೆ, ನೀರು ಎಲ್ಲಿದೆ, ಕಳೆದುಹೋದ ಮಗುವನ್ನು ಎಲ್ಲಿ ಕೂರಿಸಿದ್ದಾರೆ ಎಂಬುದನ್ನು ಪಂದ್ಯಕ್ಕೆ ಮುಂಚೆಯೇ ಎರಡು ಸಲ ಹೇಳಲಿ. ಇನ್ನು ಬಾಗಿಲಲ್ಲಿ ನಿಲ್ಲುವ ಖಾಸಗಿ ಸೆಕ್ಯೂರಿಟಿಯ ಹುಡುಗರು. ಅವರಲ್ಲಿ ಬಹಳ ಮಂದಿ ಹೊಟ್ಟೆಪಾಡಿಗಾಗಿ ಸಾವಿರಾರು ಮೈಲಿ ದಾಟಿ ಬಂದವರು. ಅವರ ಕೊರಳಪಟ್ಟಿ ಹಿಡಿಯುವ ಶೌರ್ಯ ನಮಗೆ ಬೇಡ. ಅವರನ್ನು ಕರೆತಂದ ಗುತ್ತಿಗೆದಾರ ಹತ್ತು ಕನ್ನಡ ವಾಕ್ಯ ಕಲಿಸಿ ನಿಲ್ಲಿಸಬೇಕು, ಸಾಲಿಗೊಬ್ಬ ಸ್ಥಳೀಯ ಹುಡುಗನನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು. ಸರೋಜಿನಿ ಮಹಿಷಿ ವರದಿಯನ್ನು ವೇದಿಕೆಯ ಮೇಲೆ ಓದುವುದಕ್ಕಿಂತ ಇಂಥ ಕಡೆ ಜಾರಿ ಮಾಡಿಸುವುದು ಸುಲಭ.

ಜನಸಂದಣಿಯನ್ನು ಸಂಭಾಳಿಸುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಟಾಗ ಪೇಟೆಯ ಗಲ್ಲಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮುಂದೆ ವೀರಕುಮಾರರು ಕತ್ತಿ ಹಿಡಿದು ‘ಗೋವಿಂದ, ಗೋವಿಂದ’ ಎಂದು ಬರುತ್ತಿದ್ದಂತೆ ಜನ ತಾವಾಗಿ ಬದಿಗೆ ಸರಿಯುತ್ತಾರೆ. ಮಸ್ತಾನ್ ಸಾಹೇಬರ ದರ್ಗಾದ ಮುಂದೆ ಕರಗ ನಿಲ್ಲುತ್ತದೆ, ಜನರೂ ನಿಲ್ಲುತ್ತಾರೆ. ಯಾವಾಗ ಸರಿಯಬೇಕು, ಯಾವಾಗ ನಿಲ್ಲಬೇಕು ಎಂಬುದು ಆ ಜನಕ್ಕೆ ಅಭ್ಯಾಸವಾಗಿದೆ, ಯಾಕೆಂದರೆ ಹಬ್ಬ ಅವರದು. ಅಲ್ಲಿಯೂ ತಳ್ಳಾಟವಿದೆ, ಜೇಬುಗಳ್ಳರಿದ್ದಾರೆ, ಸುಳ್ಳು ಯಾಕೆ ಹೇಳಬೇಕು. ಆದರೂ ಅಲ್ಲಿಗೆ ಬಂದವರು ಗಿರಾಕಿಗಳಲ್ಲ. ಕ್ರೀಡಾಂಗಣಕ್ಕೆ ಬಂದವನನ್ನು ನಾವು ಗಿರಾಕಿ ಮಾಡಿ ಕೂರಿಸಿದ್ದೇವೆ.

ಅಮೆರಿಕದಲ್ಲಿ ಓದಿ ಬಂದ ನಿಮ್ಮ ಅಣ್ಣನನ್ನೋ ಅಕ್ಕನನ್ನೋ ಕೇಳಿ. ಅಲ್ಲಿನ ಕಾಲೇಜು ಹುಡುಗರ ಫುಟ್‌ಬಾಲ್ ನಮ್ಮದಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಮಿಚಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಕೂರಲು ಜಾಗ 1,07,601 ಮಂದಿಗೆ! ಆಟ ಶುರುವಾಗುವ ಎಷ್ಟೋ ಗಂಟೆ ಮೊದಲೇ ಊರಿಗೆ ಊರೇ ಬಂದು ಕಾರಿನ ಹಿಂದೆ ಒಲೆ ಹೂಡಿ ಊಟ ಮಾಡುತ್ತದೆ, ವಿದ್ಯಾರ್ಥಿಗಳ ಬ್ಯಾಂಡು ಕಾಲೇಜಿನ ಸ್ವಂತ ಹಾಡು ನುಡಿಸುತ್ತಾ ಬೀದಿಯಲ್ಲಿ ಬರುತ್ತದೆ. ಆ ಬ್ಯಾಂಡಿನ ಹುಡುಗನಿಗೆ ತನ್ನ ಹಾಡು ಹಳ್ಳಿಗಾಡಿನದು ಎಂಬ ಕೀಳರಿಮೆ ಇಲ್ಲ. ನಮಗಿದೆ. ಡೊಳ್ಳು ಕುಣಿತದವರನ್ನು ಸಾಗರದಿಂದಲೋ ಸೊರಬದಿಂದಲೋ ಕರೆಸಿ ಟೀವಿ ಕ್ಯಾಮರಾ ಮುಂದೆ ಮೂರು ನಿಮಿಷ ಕುಣಿಸಿ, ಲಾಡು ಚೌಚೌ ಪೊಟ್ಟಣ ಕೊಟ್ಟು ಬಸ್ಸು ಹತ್ತಿಸುವುದೇ ಸಂಸ್ಕೃತಿ ಎಂದುಕೊಂಡಿದ್ದೇವೆ. ಪಂದ್ಯಕ್ಕೆ ಒಂದು ಗಂಟೆ ಮೊದಲು ರಸ್ತೆಯಲ್ಲೇ ಡೊಳ್ಳು ಬಾರಿಸಲಿ, ತಮಟೆ ಬಾರಿಸಲಿ, ಜನರ ಜೊತೆಯಲ್ಲೇ ಗೇಟಿನ ತನಕ ಬರಲಿ. ಕೂಲಿ ಸರಿಯಾಗಿ ಕೊಡಲಿ. ಚುರುಮುರಿ ಗಾಡಿಯವನನ್ನು ಅಟ್ಟುವ ಬದಲು ಒಂದು ಸಾಲು ಗೆರೆ ಎಳೆದು ನಿಲ್ಲಿಸಲಿ.

ಈಗ ನಮ್ಮವರಿಗೂ ಎರಡು ಮಾತು. ಕೋಪ ಮಾಡಿಕೊಳ್ಳಬೇಡಿ. ಕೂಗಿದರೆ ಕೆಲಸ ಆಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. ‘ಬ್ಯಾಂಗಲೋರ್’ ಎಂದು ಕರೆದುಕೊಳ್ಳುತ್ತಿದ್ದ ತಂಡ 2024ರ ಮಾರ್ಚಿನಲ್ಲಿ ‘ಬೆಂಗಳೂರು’ ಆಯಿತು. ಅದೇ ವರ್ಷ ನವೆಂಬರಿನಲ್ಲಿ ಆ ತಂಡ ಹಿಂದಿಯಲ್ಲೊಂದು ಖಾತೆ ತೆರೆದಾಗ ಕನ್ನಡಿಗರು ಎದ್ದು ನಿಂತರು. ಒಳ್ಳೆಯದೇ. ಆದರೆ ಮಸಿ ಬಳಿಯಲು ಹತ್ತು ನಿಮಿಷ ಸಾಕು. ಇಡೀ ಋತು, ಮಳೆಯಿರಲಿ ಸೋಲಿರಲಿ, ಒಂದು ಗ್ಯಾಲರಿಯನ್ನು ಕನ್ನಡದಲ್ಲಿ ತುಂಬಿಸುವುದಕ್ಕೆ ಬೇರೆಯೇ ತಾಕತ್ತು ಬೇಕು. ಬೆಂಗಳೂರು ಎಫ್‌ಸಿಯ ಅಭಿಮಾನಿಗಳು, ಆ ವೆಸ್ಟ್ ಬ್ಲಾಕಿನ ಹುಡುಗರು, ಕ್ಲಬ್ಬು ಹುಟ್ಟಿದ 2013ರಿಂದ ಗಂಟಲು ಹರಿದುಕೊಂಡು ಹಾಡುತ್ತಾ ಬಂದರು. ಅದರಲ್ಲಿ ಇಂಗ್ಲೆಂಡಿನಿಂದ ಎರವಲು ತಂದ ರಾಗ ಬೇಕಾದಷ್ಟಿದೆ. ಕನ್ನಡವೂ ಇದೆ. ಇಂಗ್ಲಿಷ್ ಹೆಚ್ಚಾಯಿತು ಎಂದು ದೂರುವ ನಾವು ಎಷ್ಟು ಸಲ ಟಿಕೆಟು ಕೊಂಡು ಅವರ ಪಕ್ಕ ಕೂತಿದ್ದೇವೆ? ನಾಲ್ಕು ಸಾಲಿನ ಕೂಗು ಬರೆದುಕೊಟ್ಟಿದ್ದೇವೆಯೇ? ‘ಈ ಸಲ ಕಪ್ ನಮ್ದೇ’ ಎಂಬ ಮೂರು ಮುಕ್ಕಾಲು ಪದವನ್ನು ಕನ್ನಡ ಬಾರದವನೂ ದೇಶದ ತುಂಬ ಕೂಗಿದ. ಸರ್ಕಾರಿ ಆದೇಶ ಇಲ್ಲದೆ, ಪ್ರಾಧಿಕಾರದ ಸುತ್ತೋಲೆ ಇಲ್ಲದೆ! ನಮ್ಮ ಭಾಷೆ ಗ್ಯಾಲರಿಗೆ ಒಗ್ಗುವುದಿಲ್ಲ ಎನ್ನುವವರ ಬಾಯಿ ಮುಚ್ಚಿಸಲು ಅದೊಂದು ಸಾಕು.

ಇನ್ನೊಂದು. ಎದುರಾಳಿಯ ತಾಯಿ ತಂಗಿಯರನ್ನು ಎಳೆದು ಬೈಯುವುದು ಕನ್ನಡಾಭಿಮಾನವಲ್ಲ. ಕೇರಳದ ತಂಡ ಬಂದಾಗ, ಚೆನ್ನೈ ತಂಡ ಬಂದಾಗ ಕೇಳಿಬರುವ ಕೆಲವು ಕೂಗುಗಳನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಲಾಗದು. ಕೆಣಕಿ, ಗೇಲಿ ಮಾಡಿ, ಕಿಚಾಯಿಸಿ. ಅದಕ್ಕೆ ಕನ್ನಡದಲ್ಲಿ ಬೇಕಾದಷ್ಟು ಸರಕಿದೆ. ಆದರೆ ತಂಗಿಯನ್ನು ಕರೆದುಕೊಂಡು ಬರಲು ಹಿಂಜರಿಯುವಂಥ ಗ್ಯಾಲರಿ ನಮಗೆ ಬೇಡ. ಗೇಟಿನ ನೂಕುನುಗ್ಗಲಿನಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಹಾಕುವವನು ಕೊರಳಿಗೆ ಕನ್ನಡ ಶಾಲು ಹಾಕಿದ್ದರೂ ಅವನನ್ನು ಪೊಲೀಸರಿಗೆ ಒಪ್ಪಿಸಿ. ಮೊದಲು ಶಾಲು ಕಿತ್ತುಕೊಂಡು ಒಪ್ಪಿಸಿ.

ಈ ಊರಿನ ಫುಟ್‌ಬಾಲ್ ನಿನ್ನೆ ಮೊನ್ನೆಯದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದಿತು. ಈ ಊರಿನ ಅಹಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವರ’ ಪೈಕಿ ಒಬ್ಬರಾಗಿ ಬಂಗಾಳಿಗಳ ಕಣ್ಮಣಿಯಾದರು. ಬಂಗಾಳಿಗಳಿಗೆ ನೆನಪಿದೆ, ನಮಗಿಲ್ಲ. 2023ರ ಮಾರ್ಚಿನಲ್ಲಿ ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಕರ್ನಾಟಕ ಸಂತೋಷ್ ಟ್ರೋಫಿ ಎತ್ತಿತು. ನಮ್ಮಲ್ಲಿ ಎಷ್ಟು ಜನಕ್ಕೆ ಅಂದು ಪಂದ್ಯ ಇದೆ ಎಂದು ಗೊತ್ತಿತ್ತು? ಹಲಸೂರಿನ ಗೌತಮಪುರದ ಕಿರಿದಾದ ಓಣಿಗಳಲ್ಲಿ, ಆಸ್ಟಿನ್ ಟೌನಿನ ಮೈದಾನದಲ್ಲಿ ಬರಿಗಾಲಲ್ಲಿ ಚೆಂಡು ಒದೆಯುವ ಹುಡುಗರ ಮನೆಮಾತು ತಮಿಳೋ ಉರ್ದುವೋ ಇರಬಹುದು. ಹಾಗೆಂದು ಅವರನ್ನು ಹೊರಗಿನವರು ಎನ್ನುವ ಪೆದ್ದತನ ನಮ್ಮವರಲ್ಲಿ ಕೆಲವರಿಗಿದೆ. ಕರ್ನಾಟಕ ಎಂದು ಬರೆದ ಅಂಗಿ ತೊಟ್ಟು ಬೆವರು ಹರಿಸುವವನು ಹೊರಗಿನವನಾಗುವುದು ಹೇಗೆ? ಅವನ ಹೆಸರನ್ನು ಗ್ಯಾಲರಿಯಿಂದ ಕನ್ನಡದಲ್ಲಿ ಕೂಗಿ ಕರೆಯಿರಿ, ಅವನು ತಿರುಗಿ ನೋಡುತ್ತಾನೆ.

1996ರ ಅಕ್ಟೋಬರಿನಲ್ಲಿ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾದ ಎದುರು ಎಲ್ಲ ಮುಗಿಯಿತು ಎಂದಾಗ ಶ್ರೀನಾಥ್ ಮತ್ತು ಕುಂಬ್ಳೆ ನಿಂತು ಗೆಲ್ಲಿಸಿದರಲ್ಲ, ನಿಮ್ಮ ಅಪ್ಪನನ್ನು ಕೇಳಿದರೆ ಕಣ್ಣರಳಿಸಿ ಹೇಳುತ್ತಾರೆ. ಆ ತಲೆಮಾರಿನ ನಮ್ಮ ಹುಡುಗರು ಮೈದಾನದ ನಡುವೆ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅಭಿಮಾನ ತೋರಿಸಲಿಕ್ಕಲ್ಲ, ಕೆಲಸ ಆಗಲಿಕ್ಕೆ. 2025ರ ಏಪ್ರಿಲಿನಲ್ಲಿ ಅದೇ ಮೈದಾನದಲ್ಲಿ ದೆಹಲಿ ತಂಡದ ಪರ ಆಡಿ ಆರ್‌ಸಿಬಿಯನ್ನೇ ಸೋಲಿಸಿದ ಕೆ.ಎಲ್. ರಾಹುಲ್, ಬ್ಯಾಟಿನಲ್ಲಿ ನೆಲದ ಮೇಲೆ ವೃತ್ತ ಎಳೆದು ನಡುವೆ ಊರಿದರು. ‘ಕಾಂತಾರ’ ನೋಡಿದ ಯಾವ ಕನ್ನಡಿಗನಿಗೂ ಅರ್ಥ ಹೇಳಬೇಕಾಗಲಿಲ್ಲ. ತವರು ತಂಡ ಸೋತ ಹೊಟ್ಟೆಯುರಿಯಲ್ಲೂ ನಮ್ಮವರು ಎದ್ದು ಚಪ್ಪಾಳೆ ತಟ್ಟಿದರೆ ಅದು ತಪ್ಪೇನಲ್ಲ.

ಕ್ರೀಡಾಂಗಣಗಳನ್ನು ನಡೆಸುವವರಿಗೆ, ಕ್ಲಬ್ಬುಗಳಿಗೆ, ಪೊಲೀಸ್ ಕಮಿಷನರ್ ಕಚೇರಿಗೆ ಗೇಟು ಮತ್ತು ಧ್ವನಿವರ್ಧಕದ ಬೇಡಿಕೆಯನ್ನು ಬರೆದು ಕೊಡಿ. ನಿಮ್ಮ ಬಡಾವಣೆಯ ಘಟಕದಿಂದ ಕೊಡಿ, ಕಾಲೇಜಿನ ಕನ್ನಡ ಸಂಘದಿಂದ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಸ್ವಯಂಸೇವಕರು ಸಿಗುವುದಿಲ್ಲ ಎಂದು ಅವರು ಹೇಳಿದರೆ ನಾವು ಬರುತ್ತೇವೆ ಎಂದು ಹೆಸರಿನ ಪಟ್ಟಿ ಕೊಡಿ. ಮುಂದಿನ ತವರು ಪಂದ್ಯಕ್ಕೆ ಹತ್ತು ಜನ ಒಟ್ಟಿಗೆ ಟಿಕೆಟು ತೆಗೆದುಕೊಳ್ಳಿ, ಒಂದು ಗಂಟೆ ಮುಂಚೆ ಬನ್ನಿ, ಬಂದವರಿಗೆ ದಾರಿ ತೋರಿಸಿ. ತಮಟೆ ಇದ್ದವರು ತಮಟೆ ತನ್ನಿ. ಒಳಗೆ ಬಿಡುತ್ತಾರೋ ಇಲ್ಲವೋ ಹಿಂದಿನ ದಿನವೇ ವಿಚಾರಿಸಿ, ಅದೂ ಕನ್ನಡದಲ್ಲೇ.