‘ನಷ್ಟವಿಲ್ಲ’ ಎನ್ನುವ ಮುನ್ನ

ತೊಡೆಯ ಮೇಲಿಟ್ಟುಕೊಂಡ ಲ್ಯಾಪ್‌ಟಾಪ್ ಅರ್ಧ ಗಂಟೆಯಲ್ಲಿ ಬಿಸಿಯಾಗುವುದು ಎಲ್ಲರ ಅನುಭವ. ಹರಿಯುವ ಎಲೆಕ್ಟ್ರಾನುಗಳು ದಾರಿಯಲ್ಲಿ ಡಿಕ್ಕಿ ಹೊಡೆದು ಕಳೆದುಕೊಳ್ಳುವ ಶಕ್ತಿಯೇ ಆ ಶಾಖ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ದತ್ತಾಂಶ ಕೇಂದ್ರಗಳು ಬಳಸಿದ್ದು ಜಗತ್ತಿನ ಒಟ್ಟು ವಿದ್ಯುತ್ತಿನ ಶೇಕಡ 1.5ರಷ್ಟನ್ನು. ಹೀಗಿರುವಾಗ ‘ನಷ್ಟರಹಿತ ಸ್ಪಿನ್ ಸಾಗಣೆ’ ಎಂಬ ಮಾತು ಆಕರ್ಷಕವೇ. ಆದರೆ ಆ ವಿಶೇಷಣದ ಬಗ್ಗೆ ನನಗೆ ತಕರಾರಿದೆ.

ಎಲೆಕ್ಟ್ರಾನಿಗೆ ವಿದ್ಯುದಾವೇಶದ ಜೊತೆಗೆ ಸ್ಪಿನ್ ಎಂಬ ಗುಣವೂ ಉಂಟು. ಪುಟ್ಟ ಕಾಂತಸೂಜಿಯೆಂದು ಭಾವಿಸೋಣ. ಕಾಂತೀಯ ಅವಾಹಕಗಳಲ್ಲಿ ಎಲೆಕ್ಟ್ರಾನುಗಳು ಹರಿಯುವುದಿಲ್ಲ. ಆದರೆ ಒಂದು ಸೂಜಿ ಓಲಾಡಿದರೆ ಪಕ್ಕದ್ದೂ ಓಲಾಡುತ್ತದೆ. ಮನೆಗೆ ಮೋಲ್ಡ್ ಹಾಕುವ ದಿನ ಸಾಲಾಗಿ ನಿಂತವರು ಕದಲದೆಯೇ ಕಾಂಕ್ರೀಟಿನ ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲವೇ, ಹಾಗೆ. ಈ ಸ್ಪಿನ್ ಅಲೆಯ ಕಲ್ಪನೆಯನ್ನು ಫೆಲಿಕ್ಸ್ ಬ್ಲಾಖ್ ಕೊಟ್ಟದ್ದು 1930ರಲ್ಲಿ. 2010ರಲ್ಲಿ ಜಪಾನಿನ ವಿಜ್ಞಾನಿಗಳು ಯಿಟ್ರಿಯಂ ಐರನ್ ಗಾರ್ನೆಟ್ ಎಂಬ ಅವಾಹಕದ ಮೂಲಕ ಒಂದು ಪ್ಲಾಟಿನಂ ಪಟ್ಟಿಯಿಂದ ಇನ್ನೊಂದಕ್ಕೆ ಸಂಕೇತ ದಾಟಿಸಿದರು. 2018ರಲ್ಲಿ ಹೆಮಟೈಟಿನಲ್ಲಿ ಹತ್ತಾರು ಮೈಕ್ರೋಮೀಟರ್ ದೂರದ ಸ್ಪಿನ್ ಸಾಗಣೆ ವರದಿಯಾಯಿತು. ನಮ್ಮ ಸಂಡೂರಿನ ಗಣಿಗಳಿಂದ ಲಾರಿಗಟ್ಟಲೆ ಸಾಗುವುದೂ ಇದೇ ಖನಿಜ! ಪ್ರಯೋಗಕ್ಕೆ ಬೇಕಾದದ್ದು ಮಾತ್ರ ಅದರ ಶುದ್ಧ ಏಕಸ್ಫಟಿಕ.

ಬಾಂಡಲಿ ಕೈ ಬದಲಾಯಿಸುವಾಗ ಕಾಂಕ್ರೀಟು ಅಷ್ಟಿಷ್ಟು ಚೆಲ್ಲುತ್ತದೆ. ಸ್ಪಿನ್ ಅಲೆಯೂ ಹರಳಿನ ಕಂಪನಗಳಿಗೆ ತನ್ನ ಶಕ್ತಿಯನ್ನು ಬಿಟ್ಟುಕೊಡುತ್ತ ಸವೆಯುತ್ತದೆ. ನೆದರ್ಲೆಂಡ್ಸಿನ ತಂಡವೊಂದು 2015ರಲ್ಲಿ ಅದೇ ಗಾರ್ನೆಟ್ಟಿನಲ್ಲಿ, ಕೊಠಡಿಯ ಉಷ್ಣತೆಯಲ್ಲಿ, ಈ ಸವಕಳಿಯನ್ನು ಅಳೆಯಿತು. ಸುಮಾರು 9 ಮೈಕ್ರೋಮೀಟರ್ ಸಾಗುವಷ್ಟರಲ್ಲಿ ಸಂಕೇತ ಮೂರನೆಯ ಒಂದು ಭಾಗದಷ್ಟಕ್ಕೆ ಕುಗ್ಗುವ ಲೆಕ್ಕ ಅದು. ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ ದೂರ. ಸ್ಪಿನ್ ಅತಿದ್ರವ ಸ್ಥಿತಿಯಲ್ಲಿ ಸವಕಳಿ ಬಹಳ ನಿಧಾನವೆಂದು ಸಿದ್ಧಾಂತ ಹೇಳುತ್ತದೆ. ಅಲ್ಲಿಯೂ ಅದು ಸೊನ್ನೆಯಲ್ಲ.

ಇದಕ್ಕಿಂತ ದೊಡ್ಡ ಸೋರಿಕೆ ಇರುವುದು ಎರಡೂ ತುದಿಗಳಲ್ಲಿ. ಸ್ಪಿನ್ನನ್ನು ಒಳನೂಕಲು ಪ್ಲಾಟಿನಂ ಪಟ್ಟಿಯಲ್ಲಿ ಹರಿಸುವುದು ಮಾಮೂಲಿ ವಿದ್ಯುತ್ತನ್ನೇ. ಆ ಪಟ್ಟಿ ಮಾಮೂಲಿಯಂತೆಯೇ ಬಿಸಿಯಾಗುತ್ತದೆ. ಆಚೆಯ ಪಟ್ಟಿಯಲ್ಲಿ ದೊರೆಯುವ ಸಂಕೇತವೋ ಅತ್ಯಲ್ಪ. ನಡುವಿನ ದಾರಿಯನ್ನಷ್ಟೇ ತೋರಿಸಿ ನಷ್ಟವಿಲ್ಲವೆನ್ನುವುದು, ಸುಂಕದ ಕಟ್ಟೆಗಳೆರಡನ್ನೂ ಮರೆಮಾಚಿ ಪ್ರಯಾಣ ಪುಕ್ಕಟೆ ಎಂದಂತೆ.

ಈ ಸಂಶೋಧನೆಗೆ ಸಾರ್ವಜನಿಕ ಹಣ ಸಲ್ಲಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಎಲೆಕ್ಟ್ರಾನುಗಳು ಹರಿಯದೆಯೇ ಮಾಹಿತಿ ಸಾಗಬಲ್ಲದು ಎಂಬ ಸಂಗತಿಯೇ ಅದಕ್ಕೆ ಸಾಕಷ್ಟು ಸಮರ್ಥನೆ. ಅತಿಶಯೋಕ್ತಿಯ ಮೇಲೆ ಪಡೆದ ಅನುದಾನ ಮಾತ್ರ, ಭರವಸೆ ಈಡೇರದ ವರ್ಷ ನಿಂತುಹೋಗುತ್ತದೆ. ಆಗ ಬಾಗಿಲು ಮುಚ್ಚುವುದು ಪ್ರಾಮಾಣಿಕವಾಗಿ ದುಡಿದವರ ಪ್ರಯೋಗಾಲಯವೂ ಹೌದು. ಎಷ್ಟು ದೂರಕ್ಕೆ, ಯಾವ ಉಷ್ಣತೆಯಲ್ಲಿ, ತುದಿಯ ಪ್ಲಾಟಿನಂ ಪಟ್ಟಿಗಳನ್ನು ಲೆಕ್ಕಕ್ಕೆ ಹಿಡಿದೋ ಬಿಟ್ಟೋ ಎಂಬ ಮೂರು ವಿವರಗಳನ್ನು ವಿಜ್ಞಾನಿಗಳು ‘ನಷ್ಟರಹಿತ’ ಎಂಬ ಪದದ ಪಕ್ಕದಲ್ಲೇ ಬರೆಯಲಿ.