ಕಿರ್ದಿ ಹರಿದರೆ ಖತಾವಣಿ ಉಳಿಯದು

ಭಟ್ಕಳದ ಜವಳಿ, ಹೊನ್ನಾವರದ ಮೀನು, ಕುಮಟಾದ ಅಡಿಕೆ, ಯಾವ ವ್ಯವಹಾರವೇ ಇರಲಿ, ದರಪಟ್ಟಿ, ಬೇಡಿಕೆ ಪತ್ರ, ತೆರಿಗೆ ನೋಟಿಸುಗಳು ಇಂದು ಬಹುಮಟ್ಟಿಗೆ ಇ-ಮೇಲ್ ಮೂಲಕವೇ ಬರುತ್ತವೆ. ಕಚೇರಿಯಲ್ಲಿಯೇ ಸ್ವಂತ ಮೇಲ್ ಸರ್ವರ್ ಇರಿಸಿಕೊಂಡಿರುವ ಸಂಸ್ಥೆಗಳು, ಅದರ ಡಿಸ್ಕ್ ತುಂಬಿ ಇ-ಮೇಲ್ ನಿಂತ ದಿನ ಮಾಡಬೇಕಾದುದನ್ನು ಮೊದಲೇ ತೀರ್ಮಾನಿಸಿರುವುದು ಒಳಿತು.

ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಂತಹ ಸರ್ವರ್‌ನಲ್ಲಿ ಪ್ರತಿಯೊಂದು ಬದಲಾವಣೆಯೂ ಮೊದಲು ಲಾಗ್ ಕಡತದಲ್ಲಿ ದಾಖಲಾಗಿ, ಅನಂತರ ಡೇಟಾಬೇಸಿಗೆ ಸೇರುತ್ತದೆ. ವರ್ತಕರ ಭಾಷೆಯಲ್ಲಿ ಲಾಗ್ ಎಂದರೆ ಕಿರ್ದಿ, ಡೇಟಾಬೇಸ್ ಎಂದರೆ ಖತಾವಣಿ. ಎಕ್ಸ್‌ಚೇಂಜ್‌ನ 2007ರ ಆವೃತ್ತಿಯಿಂದೀಚೆಗೆ ಒಂದೊಂದು ಲಾಗ್ ಕಡತದ ಗಾತ್ರ 1 ಎಂಬಿ. ಪೂರ್ಣ ಬ್ಯಾಕಪ್ ಯಶಸ್ವಿಯಾದಾಗ ಅಗತ್ಯವಿಲ್ಲದ ಹಳೆಯ ಲಾಗ್‌ಗಳನ್ನು ಸರ್ವರ್ ತಾನೇ ತೆಗೆದುಹಾಕುತ್ತದೆ. ಆದ್ದರಿಂದ ಲಾಗ್‌ಗಳಿಂದ ಡಿಸ್ಕ್ ತುಂಬಿದೆಯೆಂದರೆ, ಬ್ಯಾಕಪ್ ಬಹುದಿನಗಳಿಂದ ನಡೆದಿಲ್ಲವೆಂದು ಶಂಕಿಸಬೇಕು.

ಗಡಿಬಿಡಿಯಲ್ಲಿ ಲಾಗ್‌ಗಳನ್ನು ಕೈಯಾರೆ ಅಳಿಸುವುದು, ಖತಾವಣಿಗೆ ಏರದ ಕಿರ್ದಿಯ ಹಾಳೆಗಳನ್ನು ಹರಿದಂತೆ. ಡೇಟಾಬೇಸ್ ತೆರೆಯದೆಯೂ ಹೋಗಬಹುದು; ಆಗ ಹಳೆಯ ಬ್ಯಾಕಪ್ಪಿನ ದಿನಾಂಕದವರೆಗಿನ ಪತ್ರಗಳಷ್ಟೇ ದೊರೆಯುತ್ತವೆ. ಹಳೆಯ ಲಾಗ್‌ಗಳನ್ನು ತಾನಾಗಿಯೇ ತೆಗೆಯುತ್ತ ಹೋಗುವ ಸರ್ಕ್ಯುಲರ್ ಲಾಗಿಂಗ್ ವ್ಯವಸ್ಥೆಯಲ್ಲಿ ಜಾಗ ಉಳಿಯುತ್ತದೆ, ಆದರೆ ಕೊನೆಯ ಬ್ಯಾಕಪ್ಪಿನ ಆಚೆಗೆ ಚೇತರಿಕೆ ಸಾಧ್ಯವಾಗದು. ಸಂಬಂಧವಿಲ್ಲದ ಬೇರೆ ಕಡತಗಳನ್ನು ಸರಿಸಿ ಅಥವಾ ಡಿಸ್ಕ್ ವಿಸ್ತರಿಸಿ ಜಾಗ ಮಾಡಿಕೊಂಡು, ಎಕ್ಸ್‌ಚೇಂಜನ್ನು ಅರಿತ ತಂತ್ರಾಂಶದಿಂದ ಪೂರ್ಣ ಬ್ಯಾಕಪ್ ತೆಗೆಯುವುದೇ ಸರಿಯಾದ ಕ್ರಮ. ಕಡತಗಳನ್ನು ಬರಿದೆ ನಕಲು ಮಾಡಿದರೆ ಲಾಗ್‌ಗಳು ಕರಗುವುದಿಲ್ಲ.

ಇದನ್ನು ತಂತ್ರಜ್ಞರ ತಲೆನೋವೆಂದು ಬಿಡಲಾಗದು. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ ಲೆಕ್ಕ ಮತ್ತು ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಕಂಪೆನಿಗಳು ಲೆಕ್ಕಪುಸ್ತಕಗಳನ್ನು 8 ವರ್ಷ ಉಳಿಸಬೇಕು. ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ದಿನನಿತ್ಯ ಭಾರತದಲ್ಲಿರುವ ಸರ್ವರ್‌ನಲ್ಲಿ ಇರಿಸಬೇಕೆಂದು 2022ರ ಆಗಸ್ಟ್ ತಿದ್ದುಪಡಿ ಕಂಪೆನಿಗಳಿಗೆ ವಿಧಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯನ್ನು ಪ್ರಮಾಣಪತ್ರದೊಡನೆ ಸಾಕ್ಷ್ಯವಾಗಿ ಒಪ್ಪುತ್ತದೆ. ದರ ಒಪ್ಪಿದ ಪತ್ರವೇ ಅಳಿದುಹೋದ ಮೇಲೆ ಯಾವುದಕ್ಕೆ ಪ್ರಮಾಣಪತ್ರ ಪಡೆಯುವುದು?

ಸಣ್ಣ ಉದ್ದಿಮೆಗೆ ಇದು ಹೆಚ್ಚಿನ ಖರ್ಚೆಂಬ ಆಕ್ಷೇಪವುಂಟು. ಆದರೆ ಬ್ಯಾಂಕ್ ಲೆಕ್ಕದ ತಾಳೆ ನೋಡುವ ದಿನವೇ ಮಾಲೀಕರು ಮೂರು ಉತ್ತರಗಳನ್ನು ಲಿಖಿತವಾಗಿ ಪಡೆಯಬಹುದು: ಕೊನೆಯ ಬ್ಯಾಕಪ್ ಎಂದು ಯಶಸ್ವಿಯಾಯಿತು, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ, ಬ್ಯಾಕಪ್ಪಿನಿಂದ ಒಂದು ಪತ್ರವನ್ನಾದರೂ ಮರಳಿ ತೆಗೆದು ನೋಡಲಾಯಿತೇ. ಮಳೆಗಾಲದ ಸಿಡಿಲು, ವಿದ್ಯುತ್ ವ್ಯತ್ಯಯಗಳನ್ನು ಬಲ್ಲ ಕರಾವಳಿಯಲ್ಲಿ ಒಂದು ಪ್ರತಿಯನ್ನು ಬೇರೆ ಊರಿನಲ್ಲಿಡುವುದು ವಿವೇಕ. ಹೆದ್ದಾರಿ 66ರ ಮೇಲಿರುವ ಈ ಮೂರೂ ಪಟ್ಟಣಗಳ ವರ್ತಕರು ಕೂಡಿ ಒಬ್ಬ ನುರಿತ ತಂತ್ರಜ್ಞನನ್ನು ನೇಮಿಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಮುಂಗಾರಿಗೆ ಮುನ್ನವೇ ಈ ಏರ್ಪಾಟು ಆಗಬೇಕು.